ಹೊಳೆಬದಿಯ ನೀರಂಜಿಯನ್ನು ತಟ್ಟೆಗೆ ತಂದ ಕಥೆ

ನನ್ನ ಮೊದಲನೆಯ ವಿಲ್ಲೋ ಗಿಡ ಸತ್ತೇ ಹೋಯಿತು. 2016ರಲ್ಲಿ ಘಟ್ಟದ ಮೇಲಿನ ಒಂದು ನರ್ಸರಿಯಿಂದ ತಂದದ್ದು. ಕೂದಲು ಬಿಚ್ಚಿ ತಲೆ ತಗ್ಗಿಸಿದ ಹಾಗೆ ಕೊಂಬೆ ಇಳಿಬಿಡುತ್ತದಲ್ಲ, ಆ ಜಾತಿ. ಕುಂಡದಲ್ಲೇ ಗಿಡ್ಡವಾಗಿ ಬೆಳೆಸುವ ಬೊನ್ಸಾಯ್ ಮರಗಳ ಚಿತ್ರಗಳಲ್ಲಿ ನೋಡಿ ಆಸೆ ಹುಟ್ಟಿತ್ತು. ಚೀನಾ ಮೂಲದ ಮರ, ಚಳಿ ಬೇಕು. ಮಂಗಳೂರಿನ ಕದ್ರಿಯ ನಮ್ಮ ಮನೆಯ ಟೆರೇಸಿಗೆ ಚಳಿ ಎಲ್ಲಿಂದ ತರುವುದು? ಏಪ್ರಿಲ್ ಸೆಕೆಗೆ ಎಲೆಯ ತುದಿ ಸುಟ್ಟಿತು. ಮೇ ಕೊನೆಯ ಪತ್ತನಾಜೆ ಬರುವಷ್ಟರಲ್ಲಿ ಕಡ್ಡಿ ಮಾತ್ರ ಉಳಿದಿತ್ತು.

ನಮ್ಮ ಕಡೆಯದ್ದೇ ಒಂದು ವಿಲ್ಲೋ ಇದೆ ಅಂತ ಆಮೇಲೆ ಗೊತ್ತಾಯಿತು. ಹೊಳೆಬದಿಯ ನೀರಂಜಿ. ಸಸ್ಯಶಾಸ್ತ್ರದವರು ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ ಎನ್ನುತ್ತಾರೆ. ಕಾಶ್ಮೀರದಲ್ಲಿ ಕ್ರಿಕೆಟ್ ಬ್ಯಾಟ್ ಮಾಡುವ ಮರದ ದಾಯಾದಿ. ಎಲೆ ಉದ್ದಕ್ಕೆ, ತುದಿ ಚೂಪು, ಅಡಿಭಾಗ ಬೆಳ್ಳಗೆ. ಬೆಳ್ತಂಗಡಿ ಕಡೆ ಗೆಳೆಯನ ಅಡಿಕೆ ತೋಟದ ಅಂಚಿನಲ್ಲಿ, ಹೊಳೆಗೆ ಬಾಗಿಕೊಂಡು ಒಂದು ದೊಡ್ಡ ಮರ ಇತ್ತು. 2017ರ ಜುಲೈಯಲ್ಲಿ ಹೋದಾಗ ಅಡಿಕೆಗೆ ನೆರಳಾಗುತ್ತದೆ ಅಂತ ಅವನು ಅದರ ಗೆಲ್ಲು ಕಡಿಸುತ್ತಿದ್ದ. ಮಣಿಕಟ್ಟಿನಷ್ಟು ದಪ್ಪದ, ಎರಡು ಅಡಿ ಉದ್ದದ ಒಂದು ತುಂಡನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. "ಸೌದೆಗೂ ಆಗುವುದಿಲ್ಲ ಮಾರಾಯ, ಅದೆಂಥಕ್ಕೆ?" ಅಂತ ನಕ್ಕ.

ಬೇರೆ ಗಿಡವಾದರೆ ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟು, ಕಾಂಡ ದಪ್ಪವಾಗಲು ಹತ್ತು ವರ್ಷ ಕಾಯಬೇಕು. ವಿಲ್ಲೋ ಹಾಗಲ್ಲ. ಇದರ ತೊಗಟೆಯ ಒಳಗೆ ಬೇರಿನ ಮೊಳಕೆ ಮೊದಲೇ ತಯಾರಿರುತ್ತದೆ, ನೀರು ಸಿಕ್ಕಿದರೆ ಸಾಕು. ತುಂಡನ್ನು ಬಕೆಟಿನಲ್ಲಿ ನಿಲ್ಲಿಸಿ, ಅರ್ಧದವರೆಗೆ ನೀರು ತುಂಬಿಸಿ, ದಿನಾ ನೀರು ಬದಲಿಸಿದೆ. ಆರನೆಯ ದಿನ ತೊಗಟೆ ಅಲ್ಲಲ್ಲಿ ಸಣ್ಣಗೆ ಉಬ್ಬಿತು. ಒಂಬತ್ತನೆಯ ದಿನ ಆ ಉಬ್ಬು ಒಡೆದು ಬಿಳಿ ಚುಕ್ಕಿ ಹೊರಬಂತು, ಮರಕ್ಕೆ ಅಕ್ಕಿನುಚ್ಚು ಅಂಟಿಸಿದ ಹಾಗೆ. ಹನ್ನೆರಡಕ್ಕೆ ಒಂದೊಂದೂ ಅರ್ಧ ಇಂಚಿನ ಬೇರು.

ಮೊದಲ ಎರಡು ವರ್ಷ ಬೊನ್ಸಾಯ್ ಕುಂಡದ ಯೋಚನೆಯನ್ನೇ ಮಾಡಲಿಲ್ಲ. ಹಳೆಯ ಪ್ಲಾಸ್ಟಿಕ್ ಬೋಗುಣಿಗೆ ತೂತು ಕೊರೆದು ನೆಟ್ಟೆ. ಜಪಾನಿನವರು ಅಕಡಾಮ ಎಂಬ ಹರಳುಮಣ್ಣು ಬಳಸುತ್ತಾರೆ. ಅದರ ಬೆಲೆ ನೋಡಿ ಕೈಬಿಟ್ಟೆ. ನಮ್ಮಲ್ಲಿ ಹಂಚು ಇದೆಯಲ್ಲ! ಬಾಸೆಲ್ ಮಿಶನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಂದಿನಿಂದ ಈ ಊರಿನಲ್ಲಿ ಒಡೆದ ಹಂಚಿಗೆ ಬರ ಇಲ್ಲ. ಹಳೆ ಮನೆ ಕೆಡವಿದಲ್ಲಿಂದ ಎರಡು ಗೋಣಿ ತಂದು, ಸುತ್ತಿಗೆಯಲ್ಲಿ ಕುಟ್ಟಿ, ಕಡಲೆಕಾಳಿನ ಗಾತ್ರದ್ದನ್ನು ಜರಡಿ ಹಿಡಿದೆ. ಹುಡಿಯನ್ನು ಚೆನ್ನಾಗಿ ತೊಳೆದು ತೆಗೆಯಬೇಕು, ಇಲ್ಲದಿದ್ದರೆ ಅಡಿಯಲ್ಲಿ ಕೆಸರಾಗಿ ತೂತು ಮುಚ್ಚುತ್ತದೆ. ಎರಡು ಪಾಲು ಹಂಚಿನ ಚೂರು, ಒಂದು ಪಾಲು ಸುಡುಮಣ್ಣು, ಒಂದು ಮುಷ್ಟಿ ಕಡಲೆಹಿಂಡಿ. ಇವತ್ತಿಗೂ ಇದೇ ಲೆಕ್ಕ.

ಆದರೆ ಪುಸ್ತಕದ ಕ್ಯಾಲೆಂಡರ್ ನಂಬಿ ಪೆಟ್ಟು ತಿಂದೆ. ವಸಂತಕ್ಕೆ ಮುಂಚೆ, ಚಿಗುರೊಡೆಯುವ ಮೊದಲು ಬೇರು ಕತ್ತರಿಸಿ ಕುಂಡ ಬದಲಿಸಿ ಅಂತ ಎಲ್ಲರೂ ಬರೆದಿರುತ್ತಾರೆ. ಅದು ಹಿಮ ಬೀಳುವ ಊರಿನ ಲೆಕ್ಕ. 2019ರ ಫೆಬ್ರವರಿಯಲ್ಲಿ ಹಾಗೇ ಮಾಡಿದೆ. ಬೇರು ಚೇತರಿಸುವ ಮೊದಲೇ ಮಾರ್ಚ್ ಬಿಸಿಲು ಬಂತು, ಮೇಲಿನ ಮೂರು ಕೊಂಬೆ ಒಣಗಿದವು. ಈಗ ಈ ಕೆಲಸಕ್ಕೆ ಜೂನ್. ಎರಡು ಮಳೆ ಸರಿಯಾಗಿ ಬಿದ್ದು ಮೋಡ ಕಟ್ಟಿಕೊಂಡ ಮೇಲೆ ಎಷ್ಟು ಬೇರು ಕತ್ತರಿಸಿದರೂ ಗಿಡಕ್ಕೆ ಗೊತ್ತೇ ಆಗುವುದಿಲ್ಲ. ದಪ್ಪ ಕೊಂಬೆ ಕಡಿಯುವುದು ಮಾತ್ರ ಜನವರಿಯಲ್ಲಿ, ಎಲೆ ಉದುರಿದಾಗ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗಾಯ ಮಾಡಿದರೆ ಕೊಳೆಯದೆ ಇರುವುದಿಲ್ಲ. ವಿಲ್ಲೋ ಮರ ಮೆದು, ಕೊಳೆತ ಒಳಗಿನವರೆಗೂ ಇಳಿಯುತ್ತದೆ. ನನ್ನ ಮರದ ಬೆನ್ನಲ್ಲಿ ಹೆಬ್ಬೆರಳು ಹೋಗುವಷ್ಟು ಪೊಟರೆ ಆದದ್ದು ಹಾಗೆಯೇ. ಬಂದವರು "ಎಷ್ಟು ಹಳೆಯ ಮರ" ಅಂತ ಅದನ್ನೇ ಹೊಗಳುತ್ತಾರೆ. ನಾನೂ ಸುಮ್ನೆ ಇರುತ್ತೇನೆ.

ಕುಂಡ ಬದಲಿಸುವುದು ಪ್ರತಿ ವರ್ಷ ತಪ್ಪದು. ಆಲ, ಅತ್ತಿಯ ಹಾಗೆ ಎರಡು ಮೂರು ವರ್ಷ ಬಿಟ್ಟರೆ ಇದು ತಡೆಯುವುದಿಲ್ಲ. ಜೂನಿನಲ್ಲಿ ಕುಂಡ ಮಗುಚಿದರೆ ಮಣ್ಣೇ ಕಾಣುವುದಿಲ್ಲ, ಬರೀ ಬೇರು. ಓಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿ, ನಮ್ಮ ಮೂಡೆ, ಓಲೆ ಬಿಚ್ಚಿದಾಗ ಬರುವ ಹಾಗೆ ಕುಂಡದ ಆಕಾರದಲ್ಲೇ ಗಟ್ಟಿಯಾಗಿ ಈಚೆ ಬರುತ್ತದೆ. ಅಡಿಯಿಂದ ಅರ್ಧವನ್ನು ಕತ್ತಿಯಲ್ಲಿ ಕೊಯ್ದು ಬಿಸಾಡುತ್ತೇನೆ.

ಇನ್ನು ನೀರು. ಏಪ್ರಿಲ್, ಮೇಯಲ್ಲಿ ದಿನಕ್ಕೆ ಮೂರು ಸಲ ಹಾಕಿದರೂ ಸಂಜೆಗೆ ಎಲೆ ಜೋತುಬೀಳುತ್ತಿತ್ತು. ಅದಕ್ಕೆ ಕುಂಡವನ್ನು ನೀರಿನ ತಟ್ಟೆಯಲ್ಲಿ ಇಟ್ಟೆ. ಗಿಡಕ್ಕೆ ಖುಷಿ, ಸೊಳ್ಳೆಗೂ ಖುಷಿ. 2019ರ ಮಳೆಗಾಲದಲ್ಲಿ ಮಂಗಳೂರಿಡೀ ಡೆಂಗಿ. ಟೆರೇಸ್ ನೋಡಲು ಬಂದ ಹುಡುಗ ತಟ್ಟೆಗೆ ಟಾರ್ಚ್ ಹಾಕಿ, "ಎಂಥ ಸರ್, ಇಲ್ಲಿ ಮರಿ ಸಾಕ್ತಿದ್ದೀರಾ?" ಅಂದ. ನಾಚಿಕೆಯಾಯಿತು. ಆಮೇಲೆ ತಟ್ಟೆಗೆ ಅಂಚಿನವರೆಗೆ ಸಣ್ಣ ಜಲ್ಲಿ ತುಂಬಿಸಿ, ನೀರಿನ ಮಟ್ಟ ಜಲ್ಲಿಯಿಂದ ಒಂದು ಇಂಚು ಕೆಳಗೇ ಇರುವ ಹಾಗೆ ಬದಿಯಲ್ಲಿ ತೂತು ಕೊರೆದೆ. ಮೇಲೆ ನೀರು ಕಾಣುವುದಿಲ್ಲ, ಸೊಳ್ಳೆಗೆ ಮೊಟ್ಟೆ ಇಡಲು ಜಾಗ ಇಲ್ಲ. ಕುಂಡದ ಬೇರು ಮಾತ್ರ ಜಲ್ಲಿಯ ಒಳಗೆ ಇಳಿದು ಬೇಕಾದಷ್ಟು ಕುಡಿಯುತ್ತದೆ. ಮಳೆಗಾಲ ಶುರುವಾದ ಕೂಡಲೇ ತಟ್ಟೆ ತೆಗೆದಿಡುತ್ತೇನೆ.

ನೀರಂಜಿ ತಾನಾಗಿ ಕೊಂಬೆ ಇಳಿಬಿಡುವ ಮರ ಅಲ್ಲ. ನಾವು ಬಗ್ಗಿಸಬೇಕು. 2020ರ ಲಾಕ್‌ಡೌನಿನಲ್ಲಿ ಅಲ್ಯೂಮಿನಿಯಂ ತಂತಿ ಸಿಗಲಿಲ್ಲ. ಹಳೆಯ ವಯರಿಂಗಿನ ತಾಮ್ರದ ತಂತಿಯ ಸಿಪ್ಪೆ ಸುಲಿದು, ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ತಣಿಸಿದೆ. ಕಾಯಿಸಿದರೆ ತಾಮ್ರ ಮೆದುವಾಗುತ್ತದೆ. ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಕೊನೆಗೆ ಚಿಗುರು ಒಂದೂವರೆ ಅಡಿ ಆದಾಗ ಸುತ್ತಿದೆ. ತಂತಿಯನ್ನು ಬುಡದಿಂದ ಮೇಲಕ್ಕೆ ಒಯ್ದು, ಅಲ್ಲಿಂದ ಕಮಾನಿನ ಹಾಗೆ ಕೆಳಕ್ಕೆ ತರಬೇಕು. ನೇರ ಕೆಳಕ್ಕೆ ಎಳೆದರೆ ಸೋತು ಬಿದ್ದ ಹಾಗೆ ಕಾಣುತ್ತದೆ. ಕೆಲಸದ ಗಡಿಬಿಡಿಯಲ್ಲಿ ಏಳು ವಾರ ನೋಡಲಿಲ್ಲ. ನೋಡುವಾಗ ತಂತಿ ತೊಗಟೆಯೊಳಗೆ ಹೂತು ಹೋಗಿತ್ತು. ಸುರುಳಿಯ ಆ ಗುರುತು ಇನ್ನೂ ಹೋಗಿಲ್ಲ. ಈಗ ನಾಲ್ಕು ವಾರಕ್ಕೆ ತುಂಡು ತುಂಡಾಗಿ ಕತ್ತರಿಸಿ ತೆಗೆಯುತ್ತೇನೆ. ಸಣ್ಣ ಚಿಗುರಿಗಂತೂ ತಂತಿಯೇ ಬೇಡ. ನೂಲಿಗೆ ಕಬ್ಬಿಣದ ನಟ್ ಕಟ್ಟಿ ತೂಗುಹಾಕಿದರೆ ಸಾಕು. ಅಮ್ಮನಿಗೆ ಅದು ಹಿಡಿಸುವುದಿಲ್ಲ. "ಗಿಡಕ್ಕೂ ಶಿಕ್ಷೆಯಾ?" ಎನ್ನುತ್ತಾರೆ.

ಇಷ್ಟೆಲ್ಲ ಮಾಡಿದರೂ ಯಾವ ಕೊಂಬೆ ಉಳಿಯುತ್ತದೆ ಅಂತ ಹೇಳಲಾಗದು. ಚೆನ್ನಾಗಿದ್ದದ್ದೇ ಕಾರಣ ಇಲ್ಲದೆ ಒಣಗುತ್ತದೆ, ಬೇಡದ ಕಡೆ ಮೂರು ಚಿಗುರು. ಮೊದಲು ಬೇಜಾರಾಗುತ್ತಿತ್ತು. ಈಗ ಒಂದು ಕೊಂಬೆಗೆ ಪಕ್ಕದಲ್ಲಿ ಇನ್ನೊಂದು ಚಿಗುರನ್ನು ಯಾವಾಗಲೂ ಬದಲಿಗೆ ಇಟ್ಟಿರುತ್ತೇನೆ. ಕಾಂಡದಿಂದ ಮರದ ಹುಡಿ ಉದುರಿದರೆ ಮಾತ್ರ ತಡ ಮಾಡಬಾರದು, ಒಳಗೆ ಹುಳ ಕೊರೆಯುತ್ತಿರುತ್ತದೆ. ತೂತಿಗೆ ಸಪೂರ ತಂತಿ ತೂರಿಸಿ ಕೊಂದು, ಬೇವಿನೆಣ್ಣೆ ಬಿಟ್ಟು ಮೇಣ ಮೆತ್ತುತ್ತೇನೆ.

2019ರ ಆಗಸ್ಟಿನ ನೆರೆಯಲ್ಲಿ ಗೆಳೆಯನ ತೋಟದ ಅಂಚು ಕುಸಿಯಿತು. ಅಡಿಕೆ ಮರಗಳ ಜೊತೆಗೆ ಆ ದೊಡ್ಡ ನೀರಂಜಿಯೂ ಹೊಳೆಪಾಲಾಯಿತು. ಫೋನಿನಲ್ಲಿ ತೋಟದ ಸುದ್ದಿ ಎಲ್ಲ ಹೇಳಿ ಮುಗಿಸಿ, "ನಿನ್ನ ಹತ್ತಿರ ಇದ್ದದ್ದು ಬದುಕಿದೆಯಾ?" ಅಂತ ಕೇಳಿದ.

ಅಂದಿನಿಂದ ಜೂನಿನಲ್ಲಿ ಬೇರಿನ ಜೊತೆ ಕತ್ತರಿಸಿದ ಚಿಗುರನ್ನು ನಾನು ಬಿಸಾಡುವುದಿಲ್ಲ. ಹತ್ತು ದಿನ ಬಕೆಟಿನಲ್ಲಿಟ್ಟು, ಬೇರು ಬಂದ ಮೇಲೆ ಅವನ ತೋಟಕ್ಕೆ ಒಯ್ದು ಹೊಳೆಯ ದಂಡೆಯಲ್ಲಿ ಊರುತ್ತೇವೆ. ಮೊದಲ ಸಲ ಏಳು ಊರಿದೆವು. ಎರಡನ್ನು ನೀರು ಒಯ್ದಿತು, ಎರಡನ್ನು ಪಕ್ಕದ ಮನೆಯ ದನ ತಿಂದಿತು. ಉಳಿದ ಮೂರು ಈಗ ನನಗಿಂತ ಎತ್ತರ. ನನ್ನ ಟೆರೇಸಿನದ್ದು ಹತ್ತೊಂಬತ್ತು ಇಂಚು.