ಕ್ಯಾಟಲಿಸ್ಟ್ 2960ರಲ್ಲಿ ಕ್ಯೂಒಎಸ್: ನಾನು ಕಾನ್ಫಿಗರ್ ಮಾಡುವ ರೀತಿ

ಐಪಿ ಫೋನಿನಲ್ಲಿ ಮಾತು ಕಡಿದು ಕಡಿದು ಬಂದರೆ ಬ್ಯಾಂಡ್‌ವಿಡ್ತ್ ಸಾಲುತ್ತಿಲ್ಲ ಅನ್ನುವುದು ರೂಢಿ. ಲೆಕ್ಕ ಹಾಕಿ ನೋಡಿ. ಜಿ.711 ಕೋಡೆಕ್‌ನ (ದನಿಯನ್ನು ಡಿಜಿಟಲ್ ಮಾಡುವ ವಿಧಾನ) ಒಂದು ಕರೆಗೆ ಈಥರ್ನೆಟ್ ಮೇಲೆ ಒಂದು ದಿಕ್ಕಿಗೆ 87.2 ಕೆಬಿಪಿಎಸ್ ಬೇಕು. 30 ಕರೆ ಒಟ್ಟಿಗೆ ನಡೆದರೂ 2.6 ಎಂಬಿಪಿಎಸ್ ಅಷ್ಟೆ. ಗಿಗಾಬಿಟ್ ಅಪ್‌ಲಿಂಕಿಗೆ (ಸ್ವಿಚ್‌ನಿಂದ ಮುಂದಿನ ಜಾಲಕ್ಕೆ ಹೋಗುವ ಲಿಂಕ್) ಅದು ಯಾವ ಲೆಕ್ಕ? ಎರಡು ಮೂರು ಪೋರ್ಟ್‌ಗಳಿಂದ ಬ್ಯಾಕಪ್ ಒಮ್ಮೆಲೇ ನುಗ್ಗಿ ಅಪ್‌ಲಿಂಕಿನ ಬಫರ್ (ಪ್ಯಾಕೆಟ್‌ಗಳು ಕಾಯುವ ಮೆಮೊರಿ) ತುಂಬಿದಾಗ ದನಿಯ ಪ್ಯಾಕೆಟ್ ಸಾಲಿನಲ್ಲಿ ಹಿಂದೆ ಸಿಕ್ಕಿಕೊಳ್ಳುತ್ತದೆ. ತೊಂದರೆ ಅಲ್ಲಿದೆ.

ಸಿಸ್ಕೊದ ಕ್ಯಾಟಲಿಸ್ಟ್ 2960 ಸ್ವಿಚ್‌ನಲ್ಲಿ ಕ್ಯೂಒಎಸ್ (ಯಾವ ಪ್ಯಾಕೆಟ್ ಮೊದಲು ಹೋಗಬೇಕೆಂಬ ಆದ್ಯತೆಯ ಏರ್ಪಾಡು) ಚಾಲೂ ಮಾಡುವ ‘ಎಂಎಲ್‌ಎಸ್ ಕ್ಯೂಒಎಸ್’ ಆದೇಶ ಒಂದನ್ನೇ ಕೊಟ್ಟು ಬಿಟ್ಟರೆ ಸ್ಥಿತಿ ಇನ್ನೂ ಕೆಡುತ್ತದೆ. ಸ್ವಿಚ್ ಯಾವ ಪೋರ್ಟನ್ನೂ ನಂಬದೆ, ಬಂದ ಡಿಎಸ್‌ಸಿಪಿಯನ್ನು (ಐಪಿ ಪ್ಯಾಕೆಟ್ ಮೇಲಿನ ಆದ್ಯತೆಯ ಗುರುತು) 0 ಮಾಡಿ ಕಳಿಸುತ್ತದೆ. ಬಫರ್ ನಾಲ್ಕು ಕ್ಯೂಗಳಿಗೆ 25%ರಂತೆ ಹಂಚಿಹೋಗುತ್ತದೆ. ಸಾಮಾನ್ಯ ಡೇಟಾ ಎಲ್ಲ 2ನೇ ಕ್ಯೂಗೇ ಬೀಳುವುದರಿಂದ ಅಲ್ಲಿ ಡ್ರಾಪ್ ಶುರುವಾಗುತ್ತದೆ. ಅದಕ್ಕೇ ಎಲ್ಲ ಆದೇಶಗಳನ್ನೂ ನೋಟ್‌ಪ್ಯಾಡಿನಲ್ಲಿ ಬರೆದಿಟ್ಟುಕೊಂಡು, ಬಳಕೆ ಕಡಿಮೆ ಇರುವ ಹೊತ್ತಿನಲ್ಲಿ ಒಟ್ಟಿಗೆ ಪೇಸ್ಟ್ ಮಾಡುತ್ತೇನೆ.

ಫೋನ್ ಪೋರ್ಟ್‌ಗಳಿಗೆ ‘ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿವೈಸ್ ಸಿಸ್ಕೊ-ಫೋನ್’, ಜೊತೆಗೆ ‘ಟ್ರಸ್ಟ್ ಕಾಸ್’ (ಕಾಸ್ ಎಂದರೆ ಈಥರ್ನೆಟ್ ಫ್ರೇಮ್ ಮೇಲಿನ ಆದ್ಯತೆಯ ಗುರುತು). ಫೋನ್ ಇದೆ ಎಂದು ಸಿಡಿಪಿಯಲ್ಲಿ (ಸಿಸ್ಕೊ ಸಾಧನಗಳು ಒಂದನ್ನೊಂದು ಗುರುತಿಸುವ ಪ್ರೋಟೊಕಾಲ್) ಗೊತ್ತಾದರೆ ಮಾತ್ರ ಸ್ವಿಚ್ ನಂಬುತ್ತದೆ. ಇಲ್ಲಿ ‘ಟ್ರಸ್ಟ್ ಡಿಎಸ್‌ಸಿಪಿ’ ಬೇಡ; ಫೋನಿನ ಹಿಂದಿರುವ ಪಿಸಿ ತಾನೇ 46 (ದನಿಗೆ ಬಳಸುವ ಡಿಎಸ್‌ಸಿಪಿ) ಎಂದು ಗುರುತು ಹಾಕಿ ದನಿಯ ಕ್ಯೂಗೆ ನುಸುಳಬಹುದು. ‘ಟ್ರಸ್ಟ್ ಡಿಎಸ್‌ಸಿಪಿ’ ಅಪ್‌ಲಿಂಕಿಗೆ ಸರಿ. ತುಂಬ ಜನ ಮರೆಯುವ ಒಂದು ಸಂಗತಿ: ಡಿಫಾಲ್ಟ್ ಮ್ಯಾಪ್‌ನಲ್ಲಿ ಕಾಸ್ 5 ಹೋಗುವುದು ಡಿಎಸ್‌ಸಿಪಿ 40ಕ್ಕೆ, 46ಕ್ಕಲ್ಲ. ಈ ಸ್ವಿಚ್‌ನೊಳಗೆ ಎರಡೂ 1ನೇ ಕ್ಯೂಗೇ ಬರುತ್ತವೆ, ಆದರೆ 46ನ್ನೇ ಹುಡುಕುವ ಮುಂದಿನ ರೂಟರ್ 40ನ್ನು ದನಿ ಎಂದು ಗುರುತಿಸುವುದಿಲ್ಲ. ಹಾಗಾಗಿ ‘ಎಂಎಲ್‌ಎಸ್ ಕ್ಯೂಒಎಸ್ ಮ್ಯಾಪ್ ಕಾಸ್-ಡಿಎಸ್‌ಸಿಪಿ 0 8 16 24 32 46 48 56’ ಬೇಕೇ ಬೇಕು.

ಅಪ್‌ಲಿಂಕಿನಲ್ಲಿ ‘ಪ್ರಯಾರಿಟಿ-ಕ್ಯೂ ಔಟ್’ (1ನೇ ಕ್ಯೂಗೆ ಮೊದಲ ಆದ್ಯತೆ ಕೊಡುವ ಆದೇಶ) ಬಿಟ್ಟುಹೋದರೆ 1ನೇ ಕ್ಯೂನ ಡಿಫಾಲ್ಟ್ ಶೇಪ್ 25 ಉಳಿದುಕೊಳ್ಳುತ್ತದೆ. ಅಂದರೆ ಪೋರ್ಟ್ ವೇಗದ 1/25 ಭಾಗ. 100 ಎಂಬಿಪಿಎಸ್ ಪೋರ್ಟಿನಲ್ಲಿ 4 ಎಂಬಿಪಿಎಸ್, ಸುಮಾರು 45 ಕರೆ. ಅದು ಗಟ್ಟಿ ಮಿತಿ, ಲಿಂಕ್ ಖಾಲಿ ಇದ್ದರೂ ಮೀರಲು ಬಿಡುವುದಿಲ್ಲ. ಉಳಿದ ಕ್ಯೂಗಳಿಗೆ ‘ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಶೇರ್ 1 60 25 15’ ಕೊಡುತ್ತೇನೆ. ಪ್ರಯಾರಿಟಿ ಇದ್ದಾಗ ಮೊದಲ ಅಂಕಿ ಲೆಕ್ಕಕ್ಕಿಲ್ಲ. ಶೇರ್‌ನಲ್ಲಿ ಒಬ್ಬರು ಬಳಸದ ಪಾಲು ಇನ್ನೊಬ್ಬರಿಗೆ ಸಿಗುತ್ತದೆ.

ಬಫರ್‌ಗೆ ‘ಎಂಎಲ್‌ಎಸ್ ಕ್ಯೂಒಎಸ್ ಕ್ಯೂ-ಸೆಟ್ ಔಟ್‌ಪುಟ್ 1 ಬಫರ್ಸ್ 15 50 20 15’, ಆಮೇಲೆ ‘ಥ್ರೆಶೋಲ್ಡ್ 2 400 400 100 400’. ಮೊದಲನೆಯದು ನಾಲ್ಕು ಕ್ಯೂಗಳಿಗೆ ಬಫರಿನ ಶೇಕಡಾವಾರು ಪಾಲು; ಎರಡನೆಯದು 2ನೇ ಕ್ಯೂ ತನ್ನ ಪಾಲಿನ 400%ವರೆಗೆ ಬಳಸಲು ಬಿಡುತ್ತದೆ.

ಐಎಸ್‌ಪಿ ಕಡೆಯ ಪೋರ್ಟ್ ಬೇರೆಯೇ ಕಥೆ. ಪೋರ್ಟ್ 100, ಲಿಂಕ್ 20 ಎಂಬಿಪಿಎಸ್ ಆದರೆ ಪ್ಯಾಕೆಟ್ ಬೀಳುವುದು ಐಎಸ್‌ಪಿ ಬಳಿ. ನಿಮ್ಮ ಕ್ಯೂಗಳು ತುಂಬುವುದೇ ಇಲ್ಲ, ಆದ್ಯತೆಗೆ ಕೆಲಸವೂ ಇಲ್ಲ. ‘ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಲಿಮಿಟ್ 18’ (ಪೋರ್ಟ್ ವೇಗದ 18%) ಕೊಟ್ಟು ಇಕ್ಕಟ್ಟನ್ನು ನಿಮ್ಮ ಸ್ವಿಚ್‌ಗೇ ತನ್ನಿ. ಹಾರ್ಡ್‌ವೇರ್ ಇದನ್ನು 6ರ ಹಂತಗಳಲ್ಲಿ ಹೊಂದಿಸುತ್ತದೆ, 10ಕ್ಕಿಂತ ಕೆಳಗೆ ಒಪ್ಪುವುದಿಲ್ಲ.

ಡ್ರಾಪ್ ನೋಡಲು ‘ಶೋ ಎಂಎಲ್‌ಎಸ್ ಕ್ಯೂಒಎಸ್ ಇಂಟರ್‌ಫೇಸ್ ಸ್ಟ್ಯಾಟಿಸ್ಟಿಕ್ಸ್’. ಅಲ್ಲಿ ಕ್ಯೂಗಳ ಎಣಿಕೆ 0ರಿಂದ 3. ‘ಕ್ಯೂ 1’ರಲ್ಲಿ ಡ್ರಾಪ್ ಕಂಡರೆ ಬೀಳುತ್ತಿರುವುದು ದನಿಯಲ್ಲ, ಕಾನ್ಫಿಗ್‌ನ 2ನೇ ಕ್ಯೂನ ಸಾಮಾನ್ಯ ಡೇಟಾ.