ಎಂಜಿಬಿ ಹೆಡ್ಡಿನ ಮುರಿದ ಸ್ಟಡ್‌ಗಳು: ನಟ್ ವೆಲ್ಡ್ ಮಾಡಿ ತೆಗೆದ ನನ್ನ ಅನುಭವ

"ಬೀಡಿನ ಹೆಡ್ಡಿಗೆ ವೆಲ್ಡಿಂಗ್ ಮುಟ್ಟಿಸಿದ್ರೆ ಕ್ರ್ಯಾಕ್ ಬಿಡುತ್ತೆ ಕಣ್ರೀ, ಸುಮ್ನೆ ಬೇರೆ ಹೆಡ್ ತರಿಸಿ." ಬೀಡಿನ, ಅಂದರೆ ಎರಕದ ಕಬ್ಬಿಣದ, ಇಂಜಿನ್ ಹೆಡ್ಡಿಗೆ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ತರುವ, ಹೊಗೆ ಒಯ್ಯುವ ಕೊಳವೆ) ಬಿಗಿಯುವ ಸ್ಟಡ್‌ಗಳು, ಅಂದರೆ ತಲೆಯಿಲ್ಲದ ಬೋಲ್ಟುಗಳು, ಮುರಿದಿದ್ದವು. ಬೆಂಗಳೂರಿನ ಜೆ.ಸಿ. ರೋಡಿನಲ್ಲೂ ಇದನ್ನೇ ಹೇಳಿದರು, ನಮ್ಮ ತುಮಕೂರಿನ ಗ್ಯಾರೇಜಿನವರೂ ಇದನ್ನೇ ಹೇಳಿದರು. ಗಾಡಿ ಈಗ ದೇವರಾಯನದುರ್ಗದ ಬೆಟ್ಟ ಹತ್ತಿ ಇಳಿದು ಬಂದಿದೆ. ಮ್ಯಾನಿಫೋಲ್ಡ್ ಹತ್ತಿರ ಫುಸ್ ಅನ್ನುವ ಸದ್ದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1960ರ ದಶಕದ ಎಂಜಿಬಿ, ಬ್ರಿಟನ್ನಿನ ಸ್ಪೋರ್ಟ್ಸ್ ಕಾರು. ಮಾಲೀಕರು ಹಾಸನ ಕಡೆಯ ಎಸ್ಟೇಟಿನವರು. ಸ್ಪೋರ್ಟ್ಸ್ ಕಾರು ಅಂತ ಹೆದರಬೇಕಾಗಿಲ್ಲ. ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಬಿಚ್ಚಿದವರಿಗೆ ಇದರ 1798 ಸಿಸಿ ಇಂಜಿನ್ ನೋಡಿದ ಕೂಡಲೇ ಗುರುತು ಸಿಗುತ್ತದೆ. ಎರಡೂ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಇಂಜಿನ್. ಇನ್‌ಲೆಟ್, ಎಕ್ಸಾಸ್ಟ್ ಹೆಡ್ಡಿನ ಒಂದೇ ಮಗ್ಗುಲಲ್ಲಿ. ಎರಡೂ ಮ್ಯಾನಿಫೋಲ್ಡನ್ನು ಒಂದೇ ದಪ್ಪ ವಾಷರ್ ಅದುಮಿ ಹಿಡಿಯುತ್ತದೆ. ಎರಡರ ಫ್ಲ್ಯಾಂಜ್ ದಪ್ಪ ಸಮ ಇಲ್ಲದಿದ್ದರೆ ವಾಷರ್ ವಾರೆ ಕೂರುತ್ತದೆ, ಸ್ಟಡ್ ಬಗ್ಗುತ್ತದೆ. ಕಾದು, ತಣ್ಣಗಾಗಿ, ಮತ್ತೆ ಕಾದು ಒಂದು ದಿನ ಟಕ್ ಅನ್ನುತ್ತದೆ.

ಈ ಹೆಡ್ಡಿನಲ್ಲಿ ಮೂರು ಸ್ಟಡ್ ಹೋಗಿದ್ದವು. ಒಂದು ಸ್ವಲ್ಪ ಹೊರಗೆ ಇತ್ತು. ಒಂದು ಹೆಡ್ಡಿಗೆ ಮಟ್ಟಸ. ಮೂರನೆಯದರಲ್ಲಿ ಹಿಂದೆ ಯಾರೋ ಡ್ರಿಲ್ ಹಾಕಿದ್ದರು, ಅದೂ ವಾರೆಯಾಗಿ. ಆಮೇಲೆ ಈಜಿ-ಔಟ್ (ಡ್ರಿಲ್ ತೂತಿಗೆ ಕಚ್ಚಿಸಿ ಮುರಿದ ಸ್ಟಡ್ ಬಿಚ್ಚುವ ಟೂಲ್) ತಿರುಗಿಸಿ ಅದನ್ನೂ ಒಳಗೇ ಮುರಿದಿದ್ದರು. ಸುಮಾರು 8 ಮಿ.ಮೀ. ಸ್ಟಡ್ಡೇ ತಡೆಯದೆ ಮುರಿದಿರುವಾಗ 4 ಮಿ.ಮೀ. ಈಜಿ-ಔಟ್ ತಡೆಯುತ್ತಾ? ನನ್ನ ಟೂಲ್ ಬಾಕ್ಸಿನಲ್ಲಿ ಅದಕ್ಕೆ ಜಾಗ ಇಲ್ಲ.

ಲೆಕ್ಕ ಹೇಳುತ್ತೇನೆ. ಇಂಗ್ಲೆಂಡಿನಿಂದ ಹೆಡ್ ತರಿಸಿದರೆ ಸಾಗಣೆ, ಕಸ್ಟಮ್ಸ್ ಎಲ್ಲಾ ಸೇರಿ ಲಕ್ಷದ ಹತ್ತಿರ ಅಂದಿದ್ದರು. ಪೀಣ್ಯದಲ್ಲಿ ಕರೆಂಟಿನ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಮೆಷಿನ್ ಇಟ್ಟುಕೊಂಡವರು ಒಂದು ತೂತಿಗೆ 3-4 ಸಾವಿರ ಕೇಳಿದರು, ಥ್ರೆಡ್ಡಿಗೆ ಗ್ಯಾರಂಟಿ ಇಲ್ಲ ಅಂದರು. ನನಗೆ ರಾಡು, ನಟ್ಟು, ಕಟರ್, ಲೇತ್ ಕೂಲಿ ಎಲ್ಲಾ ಸೇರಿ 5 ಸಾವಿರದ ಒಳಗೇ ಮುಗಿಯಿತು.

ಹೆಡ್ ಬಿಚ್ಚಿ ಟೇಬಲ್ ಮೇಲೆ ಇಟ್ಟೇ ಮಾಡಿ. ಗಾಡಿಯಲ್ಲೇ ಮಾಡಲು ಹೋದರೆ ಕೈ ಆಡುವುದಿಲ್ಲ, ಪಕ್ಕದಲ್ಲಿ ಪೆಟ್ರೋಲ್ ಬೇರೆ. ಹೊರಗೆ ಇದ್ದ ಸ್ಟಡ್ಡಿಗೆ ನಟ್ ಇಟ್ಟು ಅದರ ತೂತಿನೊಳಗೆ ವೆಲ್ಡ್ ತುಂಬಿದರೆ ಆಯಿತು. ಮಟ್ಟಸ ಇದ್ದದ್ದು ಆಟ ಆಡಿಸಿತು. ನೇರವಾಗಿ ನಟ್ ಇಟ್ಟರೆ ವೆಲ್ಡು ನಟ್ಟಿಗೆ ಹಿಡಿಯುತ್ತದೆ, ಸ್ಟಡ್ಡಿಗೆ ಹಿಡಿಯುವುದಿಲ್ಲ. ಸ್ಪ್ಯಾನರ್ ಹಾಕಿದ ಕೂಡಲೇ ಕಿತ್ತು ಬರುತ್ತದೆ. ಹೀಗೆ ಕಿತ್ತ ನಟ್ಟುಗಳು ಒಂದು ಡಬ್ಬಿ ತುಂಬಾ ಇವೆ. ಸರಿಯಾದ ದಾರಿ ಅಂದರೆ ಮೊದಲು ತೆಳು ವಾಷರ್ ಇಟ್ಟು ಅದರ ತೂತಿನೊಳಗೆ ಸ್ಟಡ್ಡಿನ ನಡುವಿಗೆ ಚುಕ್ಕಿ ಕಟ್ಟುತ್ತಾ ಮೇಲೆ ಬರಬೇಕು. ವಾಷರ್ ಗಟ್ಟಿಯಾದ ಮೇಲೆ ಅದರ ಮೇಲೆ ನಟ್. ಮಾಮೂಲಿ 2.5 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ವೆಲ್ಡಿಂಗ್ ರಾಡು, 80-90 ಆಂಪ್ಸ್. ನಿಕಲ್ ರಾಡು ಮಾತ್ರ ಬೇಡ, ಅದು ಹೆಡ್ಡಿಗೇ ಅಂಟಿಕೊಳ್ಳುತ್ತದೆ. ಚುಕ್ಕಿ ಬೀಡಿಗೆ ತಾಗದ ಹಾಗೆ ನಾನು ಸುತ್ತಲೂ ಒಂದು ಪುಡಿ ಹಚ್ಚುತ್ತೇನೆ. ಅದು ಯಾವುದು ಅಂತ ಇಲ್ಲಿ ಹೇಳುವುದಿಲ್ಲ, ಅಂಗಡಿ ನಡೀಬೇಕಲ್ವಾ.

ವೆಲ್ಡ್ ಆದ ಕೂಡಲೇ ತಿರುಗಿಸುವ ಆತುರ ಬೇಡ. ಕೆಂಪು ಆರಲಿ. ಕಾದಾಗ ಸ್ಟಡ್ ಉಬ್ಬಿ ತುಕ್ಕನ್ನು ಪುಡಿ ಮಾಡುತ್ತದೆ, ಆರುವಾಗ ಕುಗ್ಗಿ ಜಾಗ ಬಿಡುತ್ತದೆ. ಆಗ ಬುಡಕ್ಕೆ ಮೇಣದ ಬತ್ತಿ ತಾಗಿಸಿ, ಮೇಣ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಬಿಚ್ಚುವ ಕಡೆ ಸ್ವಲ್ಪ, ಬಿಗಿಯುವ ಕಡೆ ಸ್ವಲ್ಪ. ಕಿರ್ ಅಂತ ಸದ್ದು ಬಂದರೆ ಗೆದ್ದ ಹಾಗೆ.

ಮೇಣಕ್ಕೆ ಬರುವ ಮೊದಲು ಎಲ್ಲಾ ನೋಡಿದ್ದೆ. ಒಂದು ಗುಜರಿ ಅಂಬಾಸಿಡರ್ ಹೆಡ್ಡಿನ ಮೇಲೆ ಡೀಸೆಲ್, ಬ್ರೇಕ್ ಆಯಿಲ್, ಡಬ್ಬಿಯ ಸ್ಪ್ರೇ, ಅಸಿಟೋನ್ ಜೊತೆ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಎಣ್ಣೆ) ಅರ್ಧರ್ಧ, ಹೀಗೆ ಒಂದೊಂದು ಸ್ಟಡ್ಡಿಗೆ ಒಂದೊಂದು ಹಾಕಿ ವಾರಗಟ್ಟಲೆ ಬಿಟ್ಟಿದ್ದೆ. ಅಸಿಟೋನ್ ಮಿಕ್ಸ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಅಲ್ಲಾಡಿಸುವುದು ನಿಲ್ಲಿಸಿದ ಕೂಡಲೇ ಎರಡೂ ಬೇರೆ ಆಗುತ್ತವೆ. ಡೀಸೆಲ್‌ಗಿಂತ ಜಾಸ್ತಿ ಏನೂ ಕಿಸಿಯಲಿಲ್ಲ. ಬಿಸಿ ಇಲ್ಲದೆ ಬರೀ ಎಣ್ಣೆಗೆ ಹಳೇ ತುಕ್ಕು ಬಗ್ಗುವುದಿಲ್ಲ.

ಈಜಿ-ಔಟ್ ಇದ್ದ ತೂತಿಗೆ ವೆಲ್ಡಿಂಗ್ ಹಿಡಿಯಲೇ ಇಲ್ಲ. ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆದ ಯಜಮಾನರೊಬ್ಬರು ಪಕ್ಕದ ಬೀದಿಯಲ್ಲಿದ್ದಾರೆ. "ಪಟಿಕ ಹಾಕಿ ಕುದಿಸಪ್ಪ, ಕರಗುತ್ತೆ" ಅಂದರು. ವಾಚಿನ ಹಿತ್ತಾಳೆ ಪ್ಲೇಟಿನಲ್ಲಿ ಮುರಿದ ಸ್ಕ್ರೂ ಹಾಗೇ ತೆಗೆಯುತ್ತಾರೆ. ಆದರೆ ಪಟಿಕದ ನೀರು ಕಬ್ಬಿಣ ತಿನ್ನುತ್ತದೆ, ಹಾಗಾದರೆ ನಮ್ಮ ಬೀಡನ್ನೂ ಬಿಡುವುದಿಲ್ಲ. ಅವರ ಮಾತು ಹಾಳಾಗಬಾರದು ಅಂತ ಒಂದು ಯೆಜ್ಡಿ ಇಂಜಿನ್ನಿನ ಅಲ್ಯೂಮಿನಿಯಂ ಕೇಸಿಂಗಿನಲ್ಲಿ ಮುರಿದ ಸ್ಕ್ರೂ ಮೇಲೆ ನೋಡಿದೆ. ಬಿಸಿ ಆರದ ಹಾಗೆ ಇಟ್ಟರೆ ನಿಧಾನಕ್ಕೆ ಕಪ್ಪು ಕೆಸರಾಗಿ ಬಂತು, ಥ್ರೆಡ್ ಹಾಗೇ ಉಳಿಯಿತು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಎಂಜಿಬಿ ಹೆಡ್ಡಿಗೆ ಕೊನೆಗೆ ದಾರಿ ಕೊಟ್ಟಿದ್ದು ತುಂಬಾ ಗಟ್ಟಿಯಾದ ಕಾರ್ಬೈಡ್ ಕಟರ್. ಎಸ್.ಪಿ. ರೋಡಿನಿಂದ ಕಟರ್ ತಂದು ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಿಲ್ಲಿಂಗ್ ಮೆಷಿನ್ನಿಗೆ ಹೆಡ್ ಕಟ್ಟಿಸಿದೆ. ಮೊದಲ ಕಟರ್ ಚೂರಾಯಿತು, 700 ರೂಪಾಯಿ ಹೋಯಿತು. ಎರಡನೆಯದು ಈಜಿ-ಔಟನ್ನು ಪುಡಿ ಮಾಡಿತು. ಆದರೆ ಹಳೇ ಡ್ರಿಲ್ ವಾರೆ ಹೋಗಿ ಒಂದು ಕಡೆ ಥ್ರೆಡ್ ತಿಂದಿತ್ತು. ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ) ಹಾಕಿ ಅಂದರು. ನನಗೆ ಇಂಥ ಕಡೆ ಒಂದು ತುದಿ ದಪ್ಪ ಇರುವ ಸ್ಟೆಪ್ ಸ್ಟಡ್ಡೇ ಇಷ್ಟ. ತೂತನ್ನು ನೇರ ಮಾಡಿ 8.5 ಮಿ.ಮೀ.ಗೆ ತೆಗೆದು ಎಂ10 (10 ಮಿ.ಮೀ.) ಥ್ರೆಡ್ ಕೊರೆಯುವ ಟ್ಯಾಪ್ ಹಾಕಿದೆ. ಇಎನ್8 ಸ್ಟೀಲ್ ರಾಡಿನಲ್ಲಿ ಒಂದು ಕಡೆ ಎಂ10, ಇನ್ನೊಂದು ಕಡೆ 5/16 ಇಂಚಿನ ಯುಎನ್‌ಎಫ್ (ಸಣ್ಣ ಥ್ರೆಡ್) ಲೇತ್‌ನಲ್ಲಿ ಮಾಡಿಸಿದೆ. 300 ರೂಪಾಯಿ ಇರಬೇಕು. ಹೊರಗಿನಿಂದ ನೋಡಿದರೆ ಯಾವುದು ಬದಲಾಗಿದ್ದು ಅಂತ ಗೊತ್ತಾಗುವುದಿಲ್ಲ.

ಉಳಿದ ತೂತುಗಳಿಗೆ 5/16 ಯುಎನ್‌ಸಿ (ದೊಡ್ಡ ಥ್ರೆಡ್) ಟ್ಯಾಪ್ ಬರೀ ಕ್ಲೀನ್ ಮಾಡಲು ಓಡಿಸಿದೆ. ಹೆಡ್ ಒಳಗೆ ಯುಎನ್‌ಸಿ, ನಟ್ ಕಡೆ ಯುಎನ್‌ಎಫ್, ಇದನ್ನು ಮರೆತು ಎಂ8 ತುರುಕುವವರೇ ಜಾಸ್ತಿ. ಕೂಡಿಸುವ ಮೊದಲು ಎರಡೂ ಮ್ಯಾನಿಫೋಲ್ಡಿನ ಫ್ಲ್ಯಾಂಜ್ ದಪ್ಪ ಸಮ ಮಾಡಿಸಿ. ಹಿತ್ತಾಳೆ ನಟ್ಟೇ ಹಾಕಿ, ಕಬ್ಬಿಣದ್ದು ಮತ್ತೆ ತುಕ್ಕಿಗೆ ಕಚ್ಚಿಕೊಳ್ಳುತ್ತದೆ. ಟಾರ್ಕ್ 15 ಪೌಂಡ್-ಅಡಿಯ ಆಸುಪಾಸು ಸಾಕು, ಉದ್ದ ಸ್ಪ್ಯಾನರ್ ತೆಗೆಯಲೇಬೇಡಿ. 100-200 ಕಿಲೋಮೀಟರ್ ಓಡಿದ ಮೇಲೆ ಇಂಜಿನ್ ತಣ್ಣಗಿರುವಾಗ ಇನ್ನೊಮ್ಮೆ ನೋಡಿ. ನಮ್ಮದರಲ್ಲಿ ನಡುವಿನ ಎರಡು ನಟ್ ಕಾಲು ಸುತ್ತು ತಗೊಂಡವು.