ಗಡಿನಾಡಿನ ಕನ್ನಡ ಶಾಲೆಗೆ ಬರಬೇಕಾದ ಹಣ: ಹುಡುಕುವುದು, ಕೇಳುವುದು, ಪಡೆಯುವುದು ಹೇಗೆ?

ನಮ್ಮ ಶಾಲೆಯ ಹುಡುಗಿಯೊಬ್ಬಳು ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. (ಬಡ ಪ್ರತಿಭಾವಂತ ಮಕ್ಕಳಿಗಾಗಿ ಇರುವ ಕೇಂದ್ರದ ವಿದ್ಯಾರ್ಥಿವೇತನ) ಪರೀಕ್ಷೆ ಬರೆದು ಆಯ್ಕೆಯಾಗಿದ್ದಳು. ತಾಯಿ ಬೀಡಿ ಕಟ್ಟುತ್ತಿದ್ದರು, ತಂದೆಗೆ ಅಡಿಕೆ ತೋಟದಲ್ಲಿ ಕೂಲಿ. ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷ ಸಿಗುವ ವಿದ್ಯಾರ್ಥಿವೇತನ ಅದು. ಮೊದಲ ವರ್ಷದ ಹಣ ಅವಳ ಕೈಗೆ ಬರಲೇ ಇಲ್ಲ. ಶಾಲಾ ದಾಖಲೆಯಲ್ಲಿ ಅವಳ ಹೆಸರು ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ. ತಿದ್ದಿಸಿಕೊಂಡು ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿತ್ತು. ಅವಳ ತರಗತಿ ಅಧ್ಯಾಪಿಕೆ ನಾನೇ. ಜೂನ್ ತಿಂಗಳಲ್ಲಿ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಒಮ್ಮೆ ನೋಡಿದ್ದರೆ ಸಾಕಿತ್ತು. ಆ ನೋವು ಇಂದಿಗೂ ನನ್ನಲ್ಲಿದೆ; ಈ ಲೇಖನ ಬರೆಯಲು ಕಾರಣವೂ ಅದೇ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಕಾಸರಗೋಡು ಶಿಕ್ಷಣ ಉಪಜಿಲ್ಲೆಗಳ ಕನ್ನಡ ಶಾಲೆಗಳ ಮಕ್ಕಳಿಗೆ ಸಿಗಬೇಕಾದ ಯೋಜನೆಗಳು ಕಡಿಮೆಯೇನಿಲ್ಲ. ಕೇಂದ್ರದ್ದಿವೆ, ಕೇರಳದ್ದಿವೆ, ಕೆಲವು ಕರ್ನಾಟಕದಿಂದಲೂ ಬರುತ್ತವೆ. ಪ್ರಕಟಣೆ ಬಂದ ಮೇಲೆ ಓಡಾಡುವ ಶಾಲೆಗೆ ಅವು ಕೈತಪ್ಪುತ್ತವೆ, ಪ್ರಕಟಣೆಗೆ ಮೊದಲೇ ಕಾಗದ ಸಿದ್ಧಪಡಿಸಿಕೊಂಡ ಶಾಲೆಗೆ ದಕ್ಕುತ್ತವೆ. ಆದ್ದರಿಂದ ಯೋಜನೆಗಳ ಪಟ್ಟಿಗಿಂತ ಮೊದಲು ಕಾಗದದ ಮಾತು.

ಜೂನ್‌ನ ಕೆಲಸ: ಹೆಸರು ಸರಿಪಡಿಸುವುದು

ನಮ್ಮ ಮಕ್ಕಳ ಹೆಸರು ಮೂರು ಲಿಪಿಗಳಲ್ಲಿ ಓಡಾಡುತ್ತದೆ. ಹಾಜರಿ ಪುಸ್ತಕದಲ್ಲಿ ಕನ್ನಡ, ರೇಶನ್ ಕಾರ್ಡಿನಲ್ಲಿ ಮಲಯಾಳ, ಆಧಾರ್ ಮತ್ತು ಬ್ಯಾಂಕಿನಲ್ಲಿ ಇಂಗ್ಲಿಷ್. ಪ್ರಜ್ಞಾ ಎಂಬ ಹೆಸರನ್ನೇ ನೋಡಿ. ಒಬ್ಬರು ಅದನ್ನು ಇಂಗ್ಲಿಷಿನಲ್ಲಿ 'ಜೆ' ಹಾಕಿ ಬರೆಯುತ್ತಾರೆ, ಇನ್ನೊಬ್ಬರು 'ಜಿ' ಹಾಕುತ್ತಾರೆ, ಮತ್ತೊಬ್ಬರು ಕೊನೆಯಲ್ಲಿ 'ವೈ' ಸೇರಿಸುತ್ತಾರೆ. ಒಂದು ಕಡೆ ಇನಿಷಿಯಲ್ ಹಿಂದಿದ್ದರೆ ಇನ್ನೊಂದು ಕಡೆ ಮುಂದೆ. ರೈ, ಶೆಟ್ಟಿ, ಭಟ್, ನಾಯ್ಕ ಎಂಬ ಉಪನಾಮ ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿ ಬಿಟ್ಟುಹೋಗಿರುತ್ತದೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮಕ್ಕಳು.

ಶಾಲೆ ತೆರೆದ ಮೊದಲ ವಾರಗಳಲ್ಲಿ ಪ್ರತಿ ಮಗುವಿಗೂ ಒಂದು ಹಾಳೆ ಮಾಡಿ. ಆಧಾರ್, ಮಕ್ಕಳ ವಿವರ ದಾಖಲಿಸುವ ಶಾಲೆಯ 'ಸಂಪೂರ್ಣ' ತಂತ್ರಾಂಶ, ಬ್ಯಾಂಕ್ ಪಾಸ್‌ಬುಕ್, ಈ ಮೂರರಲ್ಲಿರುವ ಹೆಸರು ಮತ್ತು ಜನ್ಮದಿನಾಂಕವನ್ನು ಅಕ್ಷರಕ್ಕೆ ಅಕ್ಷರ ಅದರಲ್ಲಿ ಬರೆದುಕೊಳ್ಳಿ. ವ್ಯತ್ಯಾಸ ಕಂಡರೆ ಹೆತ್ತವರನ್ನು ಕರೆಸಿ, ಯಾವುದನ್ನು ತಿದ್ದಬೇಕೆಂದು ತೋರಿಸಿ, ಅಕ್ಷಯ ಕೇಂದ್ರಕ್ಕೆ (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಕಳುಹಿಸಿ. ಜೊತೆಗೆ ತಪ್ಪಿಲ್ಲದ ಅಕ್ಷರಗಳನ್ನು ಬರೆದ ಚೀಟಿಯೊಂದನ್ನು ಕೊಡಿ. ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರೆ ಹೊಸದೊಂದು ತಪ್ಪು ಸೇರಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇರಲಿ, ಆಧಾರ್‌ಗೆ ಜೋಡಣೆಯಾಗಿರಲಿ. ಎರಡು ಖಾತೆಗಳಿದ್ದರೆ ಆಧಾರ್ ಮೂಲಕ ಬರುವ ಹಣ ಕೊನೆಯಲ್ಲಿ ಜೋಡಿಸಿದ ಖಾತೆಗೆ ಹೋಗುತ್ತದೆ. ಹಣ ಬಂದಿಲ್ಲವೆಂದು ಅಳುತ್ತಾ ಬಂದ ಮಗುವಿನ ಹಣ, ಮನೆಯವರು ಮರೆತೇಬಿಟ್ಟ ಹಳೆಯ ಖಾತೆಯಲ್ಲಿ ಬಿದ್ದಿದ್ದನ್ನು ನಾನು ಕಂಡಿದ್ದೇನೆ.

ಆದಾಯ ಮತ್ತು ಜಾತಿ ಪ್ರಮಾಣಪತ್ರಗಳನ್ನು ಗ್ರಾಮಾಧಿಕಾರಿ ಕಚೇರಿಯಿಂದ ಪಡೆಯಲು ಅರ್ಜಿಯ ಕೊನೆಯ ವಾರವನ್ನು ಕಾಯಬೇಡಿ. ಆ ವಾರ ಊರಿಗೆ ಊರೇ ಅಲ್ಲಿ ಸಾಲಿನಲ್ಲಿರುತ್ತದೆ.

ಸುತ್ತೋಲೆ ಮಲಯಾಳದಲ್ಲಿದ್ದರೆ

ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ, ಮುಖ್ಯೋಪಾಧ್ಯಾಯರು ಓದಿ ಅರ್ಥಮಾಡಿಕೊಳ್ಳುತ್ತಾರೆ, ಮನೆಗೆ ಮಾತ್ರ ತಲುಪುವುದಿಲ್ಲ. ಸುತ್ತೋಲೆ ಬಂದ ದಿನವೇ ನಾಲ್ಕು ಸಾಲಿನ ಕನ್ನಡ ಸಾರಾಂಶ ಬರೆಯಿರಿ: ಯಾರಿಗೆ, ಎಷ್ಟು, ಯಾವ ಕಾಗದ, ಯಾವಾಗಿನೊಳಗೆ. ಅದನ್ನು ಸೂಚನಾ ಫಲಕಕ್ಕೂ ಹೆತ್ತವರ ವಾಟ್ಸಾಪ್ ಗುಂಪಿಗೂ ಹಾಕಿ. ಓದುಬರಹ ಬಾರದ ಮನೆಗಳಿಗೆ ದೂರವಾಣಿ ಕರೆಯೇ ಬೇಕು.

ಕಚೇರಿಗೆ ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ನಾವು ಅದನ್ನು ಬಳಸುವುದು ತೀರಾ ಕಡಿಮೆ. ಆದರೂ ಅರ್ಜಿ ಬೇಗ ಮುಂದೆ ಹೋಗಬೇಕಾದ ಸಂದರ್ಭದಲ್ಲಿ ಕನ್ನಡ ಪತ್ರದ ಜೊತೆಗೆ ಮಲಯಾಳ ಅಥವಾ ಇಂಗ್ಲಿಷ್ ಪ್ರತಿಯನ್ನೂ ಇಡುವುದು ಒಳ್ಳೆಯದು ಎಂಬುದು ನನ್ನ ಅನುಭವ. ಹಕ್ಕಿನ ಹೋರಾಟವನ್ನು ನಾವು ದೊಡ್ಡವರು ಬೇರೆ ಕಡೆ ಮಾಡೋಣ. ಮಗುವಿನ ಅರ್ಜಿ ಅದಕ್ಕಾಗಿ ಕಾಯುವುದು ಬೇಡ.

ಯಾವ ಮಗುವಿಗೆ ಯಾವುದು?

ಕೇರಳದಲ್ಲಿ ನಾಲ್ಕನೆಯ ತರಗತಿಗೆ ಎಲ್.ಎಸ್.ಎಸ್., ಏಳನೆಯ ತರಗತಿಗೆ ಯು.ಎಸ್.ಎಸ್. ಎಂಬ ವಿದ್ಯಾರ್ಥಿವೇತನ ಪರೀಕ್ಷೆಗಳಿವೆ. ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಮೊತ್ತ ಸಣ್ಣದು. ಆದರೆ ಹತ್ತು ವರ್ಷದ ಮಗು ಒಮ್ಮೆ ಪರೀಕ್ಷಾ ಕೊಠಡಿಯ ಭಯ ಕಳೆದುಕೊಂಡರೆ ಮುಂದಿನ ದೊಡ್ಡ ಪರೀಕ್ಷೆಗೆ ಅದೇ ಅಡಿಪಾಯ.

ಆ ದೊಡ್ಡ ಪರೀಕ್ಷೆಯೇ ಎಂಟನೆಯ ತರಗತಿಯ ಎನ್.ಎಂ.ಎಂ.ಎಸ್. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ ಇರುವ ಕೇಂದ್ರ ಯೋಜನೆ ಇದು. ಹೆತ್ತವರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು, ಏಳನೆಯ ತರಗತಿಯಲ್ಲಿ ಶೇಕಡಾ 55 ಅಂಕ ಇರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 5ರ ವಿನಾಯಿತಿ. ತಲಾ 90 ಪ್ರಶ್ನೆಗಳ ಎರಡು ಪತ್ರಿಕೆಗಳಿರುತ್ತವೆ: ಒಂದು ಬುದ್ಧಿಶಕ್ತಿಯದು, ಇನ್ನೊಂದು ಪಾಠ ವಿಷಯಗಳದು.

ಇಲ್ಲಿ ನಮ್ಮ ಕೊರತೆ ಅಭ್ಯಾಸ ಸಾಮಗ್ರಿಯದು. ಪೇಟೆಯಲ್ಲಿ ಸಿಗುವ ಮಾರ್ಗದರ್ಶಿಗಳು ಬಹುತೇಕ ಮಲಯಾಳದಲ್ಲಿವೆ. ಇದಕ್ಕೆ ದಾರಿಯಿದೆ. ಇದೇ ಪರೀಕ್ಷೆ ಕರ್ನಾಟಕದಲ್ಲೂ ನಡೆಯುತ್ತದೆ, ಅಲ್ಲಿನ ಹಳೆಯ ಕನ್ನಡ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಸಂಖ್ಯಾಶ್ರೇಣಿ, ಸಾದೃಶ್ಯ, ಸಂಕೇತ, ಆಕೃತಿಗಳ ಪ್ರಶ್ನೆಗಳಿಗೆ ಅವನ್ನು ಧಾರಾಳವಾಗಿ ಬಳಸಿ. ಪಾಠ ವಿಷಯದ ಪತ್ರಿಕೆಗೆ ಮಾತ್ರ ಅವು ಹೊಂದುವುದಿಲ್ಲ, ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯಪುಸ್ತಕ. ವಿಜ್ಞಾನ, ಸಮಾಜ ವಿಜ್ಞಾನಗಳ ಪಾಠಕ್ಕೆ ಹತ್ತು ಪ್ರಶ್ನೆಯಂತೆ ನಾವೇ ಬರೆಯಬೇಕು. ಒಂದು ಉಪಜಿಲ್ಲೆಯ ಐದಾರು ಶಾಲೆಗಳ ಅಧ್ಯಾಪಕರು ಪಾಠ ಹಂಚಿಕೊಂಡು ಬರೆದರೆ ಒಂದೇ ಓಣಂ ರಜೆಯಲ್ಲಿ ಮುಗಿಯುವ ಕೆಲಸ.

ಮನೆಯ ಸ್ಥಿತಿ ನೋಡಿ ಕೇಳಬೇಕಾದ ಬೇರೆ ಯೋಜನೆಗಳೂ ಇವೆ. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಬಡ ಮಕ್ಕಳಿಗೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್‌ನ 'ಸ್ನೇಹಪೂರ್ವಂ' ಇದೆ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ಅಂದರೆ ಮುಖ್ಯೋಪಾಧ್ಯಾಯರು ಮನಸ್ಸು ಮಾಡಬೇಕು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ನೆರವು ಒಂದನೆಯ ತರಗತಿಯಿಂದಲೇ ಸಿಗುತ್ತದೆ. ಅದಕ್ಕೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು. ಅಮ್ಮಂದಿರ ಪೆಟ್ಟಿಗೆಯಲ್ಲಿ ಅದು ಇರುತ್ತದೆ. ಮಗುವಿನ ಓದಿಗೂ ಅದಕ್ಕೂ ಸಂಬಂಧವಿದೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಎಂಡೋಸಲ್ಫಾನ್ ಕೀಟನಾಶಕದ ಬಾಧಿತರ ಪಟ್ಟಿಯಲ್ಲಿರುವ ಕುಟುಂಬಗಳ ಮಕ್ಕಳಿಗೂ ಪ್ರತ್ಯೇಕ ಶಿಕ್ಷಣ ಸಹಾಯವಿದೆ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಮಕ್ಕಳು ಕೇರಳ ಸರ್ಕಾರದ ಶಿಕ್ಷಣ ನೆರವಿನ 'ಇ-ಗ್ರಾಂಟ್ಸ್' ಜಾಲತಾಣ ನೋಡಬೇಕು. ಮುಂದುವರಿದ ಸಮುದಾಯಗಳ ಬಡ ಮಕ್ಕಳಿಗೆ 'ವಿದ್ಯಾಸಮುನ್ನತಿ' ಇದೆ.

ಹತ್ತನೆಯ ತರಗತಿಯಲ್ಲಿ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದ ಬಡ ಮಕ್ಕಳಿಗೆ ಸರೋಜಿನಿ ದಾಮೋದರನ್ ಪ್ರತಿಷ್ಠಾನದ 'ವಿದ್ಯಾಧನ್' ವಿದ್ಯಾರ್ಥಿವೇತನ ಇದೆ. ಹನ್ನೆರಡನೆಯ ತರಗತಿಯ ನಂತರ ಗಡಿ ದಾಟಿ ಕರ್ನಾಟಕದಲ್ಲಿ ವೃತ್ತಿಶಿಕ್ಷಣಕ್ಕೆ ಪ್ರಯತ್ನಿಸುವವರು ಅಲ್ಲಿನ ಪ್ರವೇಶ ಪರೀಕ್ಷೆ ಸಿ.ಇ.ಟಿ.ಯ ಗಡಿನಾಡು, ಹೊರನಾಡು ಕನ್ನಡಿಗರ ನಿಯಮಗಳನ್ನು ಓದಬೇಕು. ಅದಕ್ಕೆ ಓದಿದ ಪ್ರತಿ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ. ಶಾಲೆ ಬಿಡುವ ದಿನವೇ ಅದನ್ನು ಕೊಟ್ಟು ಕಳುಹಿಸಿ.

ವಿಜ್ಞಾನದಲ್ಲಿ ಕುತೂಹಲವಿರುವ ಮಗುವಿಗೆ 'ಇನ್‌ಸ್ಪೈರ್ ಮಾನಕ್' ಪ್ರಶಸ್ತಿ. ಆರನೆಯ ತರಗತಿಯಿಂದ ಮೇಲಿನವರು ಸ್ವಂತ ಆಲೋಚನೆಯನ್ನು ಶಾಲೆಯ ಮೂಲಕ ಕಳುಹಿಸಬಹುದು, ಯಾವುದೇ ಭಾರತೀಯ ಭಾಷೆಯಲ್ಲಿ. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಅಂತರ್ಜಾಲದಿಂದ ಇಳಿಸಿದ ಮಾದರಿ ಕಳುಹಿಸಬೇಡಿ. ಅಡಿಕೆ ಸುಲಿಯುವ ಅಜ್ಜಿಯ ಕೈನೋವು ಕಂಡ ಮಗುವಿಗೆ ಹೊಳೆದದ್ದನ್ನು ಅದರ ಮಾತಿನಲ್ಲೇ ಬರೆಯಿಸಿ.

ಶಾಲೆಗೆ ಅನುದಾನ

ಮೊದಲು ಶಾಲೆ ಯಾರದೆಂದು ನೋಡಿ. ಸರ್ಕಾರಿ ಶಾಲೆಯಾದರೆ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯ ಅನುದಾನ, ಪಂಚಾಯತ್ ಯೋಜನೆ, ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಇವುಗಳ ಬಾಗಿಲು ತೆರೆದಿದೆ. ನಮ್ಮ ಹಲವು ಕನ್ನಡ ಶಾಲೆಗಳು ಅನುದಾನಿತ; ಅಲ್ಲಿ ಸಂಬಳ ಸರ್ಕಾರದ್ದು, ಕಟ್ಟಡ ಆಡಳಿತ ಮಂಡಳಿಯದ್ದು. ಅವು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಸಂಸದರ ನಿಧಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಮುಂಬಯಿ ಮತ್ತು ಗಲ್ಫ್‌ನಲ್ಲಿರುವ ಹಳೆಯ ವಿದ್ಯಾರ್ಥಿಗಳು, ಇವರನ್ನು ಕೇಳಬೇಕು. ಕಂಪನಿಯ ಹಣವನ್ನು ಟ್ರಸ್ಟ್ ಮೂಲಕ ಪಡೆಯುವುದಾದರೆ ಆ ಟ್ರಸ್ಟ್ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಣಿಯಾಗಿರಬೇಕು.

ಮನವಿಯನ್ನು ಹೇಗೆ ಬರೆಯುತ್ತೀರಿ ಎಂಬುದರಲ್ಲಿ ಅರ್ಧ ಕೆಲಸವಿದೆ. 'ಶಾಲೆಯ ಸರ್ವತೋಮುಖ ಅಭಿವೃದ್ಧಿಗಾಗಿ ನೆರವು ನೀಡಬೇಕು' ಎಂಬ ಸಾಲು ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. 'ಮೂರನೆಯ ತರಗತಿಯ ಮಾಡು ಸೋರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ 22 ಮಕ್ಕಳು ಜಗಲಿಯಲ್ಲಿ ಕುಳಿತು ಕಲಿಯುತ್ತಾರೆ. ಹೆಂಚು ಮತ್ತು ಪಕ್ಕಾಸು ಬದಲಿಸಲು ಇಷ್ಟು ಖರ್ಚು' ಎಂದು ಬರೆಯಿರಿ. ಮಳೆ ಸುರಿಯುವಾಗ ತೆಗೆದ ಫೋಟೋ ಇಡಿ. ಎಂಜಿನಿಯರ್ ಕೊಟ್ಟ ಅಂದಾಜುಪಟ್ಟಿ, ಜಾಗದ ದಾಖಲೆ, ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ, ಶಾಲೆಯನ್ನು ಗುರುತಿಸುವ 11 ಅಂಕೆಗಳ ಯುಡೈಸ್ ಸಂಖ್ಯೆ ಒಂದೇ ಕಡತದಲ್ಲಿರಲಿ. ಹಣ ಬಂದ ಮೇಲೆ ರಸೀದಿಗಳನ್ನು ಜೋಪಾನ ಮಾಡಿ, ಹಣ ಹೇಗೆ ಖರ್ಚಾಯಿತೆಂದು ತಿಳಿಸುವ ಬಳಕೆ ಪ್ರಮಾಣಪತ್ರವನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಿ. ಅದನ್ನು ಕೊಡದ ಶಾಲೆ ಎರಡನೆಯ ಬಾರಿ ಕೇಳುವುದು ಕಷ್ಟ.

ಅಧ್ಯಾಪಕರೇ, ನಿಮ್ಮ ಹೆಸರನ್ನೂ ಬರೆಯಿರಿ

1958ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2018ರಿಂದ ಅಧ್ಯಾಪಕರು ತಾವೇ ಅರ್ಜಿ ಸಲ್ಲಿಸಬಹುದು. ಬೆಳ್ಳಿ ಪದಕ, ಪ್ರಶಸ್ತಿಪತ್ರ ಮತ್ತು 50,000 ರೂಪಾಯಿ ಇದರಲ್ಲಿವೆ. ಪೆರಡಾಲದ ಶಾಲೆಯಲ್ಲಿ ಪಾಠ ಹೇಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳಿಗೆ ಅಧ್ಯಾಪಕರಾಗಿ ರಾಷ್ಟ್ರಪ್ರಶಸ್ತಿ ಬಂದಿತ್ತು ಎಂಬುದು ನಮ್ಮ ನೆಲದ ಹೆಮ್ಮೆ. ತಮ್ಮ ಕೆಲಸವನ್ನು ತಾವೇ ಹೇಳಿಕೊಳ್ಳಲು ನಮ್ಮವರಿಗೆ ಸಂಕೋಚ. ಆ ಸಂಕೋಚ ಬಿಟ್ಟು, ಇಂದಿನಿಂದಲೇ ಒಂದು ಕಡತ ತೆರೆಯಿರಿ: ಮಾಡಿದ ಪ್ರಯೋಗ, ದಿನಾಂಕ, ಫೋಟೋ, ಅದರಿಂದ ಮಕ್ಕಳಲ್ಲಿ ಆದ ಬದಲಾವಣೆ. ಅರ್ಜಿ ತುಂಬುವ ವಾರದಲ್ಲಿ ಹತ್ತು ವರ್ಷದ ನೆನಪುಗಳು ಒಟ್ಟಿಗೆ ಬರುವುದಿಲ್ಲ.

ಆಯ್ಕೆಯಾದ ಮೇಲೆ

ಎನ್.ಎಂ.ಎಂ.ಎಸ್. ಸೇರಿ ಕೇಂದ್ರದ ಹಲವು ಯೋಜನೆಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಒಂದು ಬಾರಿಯ ನೋಂದಣಿ ಮಾಡಿ, ಆ ಸಂಖ್ಯೆಯಿಂದ ಅರ್ಜಿ ಸಲ್ಲಿಸಬೇಕು. ಇದಕ್ಕೆ ಸರ್ಕಾರದ ಶುಲ್ಕವಿಲ್ಲ. ಹಣ ಕೇಳುವ ಕರೆ ಬಂದರೆ, ಓಟಿಪಿ ಕೇಳಿದರೆ ಮೋಸವೆಂದೇ ತಿಳಿಯಿರಿ. ಮಗು ಅರ್ಜಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಶಾಲೆಯ ನೋಡಲ್ ಅಧಿಕಾರಿ ಪರಿಶೀಲಿಸಿ ಒಪ್ಪಿಗೆ ಕೊಟ್ಟ ಮೇಲೆಯೇ ಅದು ಜಿಲ್ಲಾ ಹಂತಕ್ಕೆ ಹೋಗುತ್ತದೆ. ವಾರಕ್ಕೊಮ್ಮೆ ತೆರೆದು ಸ್ಥಿತಿ ನೋಡುವ ಹೊಣೆಯನ್ನು ಒಬ್ಬ ಅಧ್ಯಾಪಕರಿಗೆ ವಹಿಸಿ.

ಪ್ರತಿ ವರ್ಷ ನವೀಕರಣವಿದೆ. ಹತ್ತನೆಯ ತರಗತಿಯಲ್ಲಿ ಶೇಕಡಾ 60 ಅಂಕ ಬಾರದಿದ್ದರೆ ಪ್ಲಸ್ ವನ್‌ಗೆ (ಹನ್ನೊಂದನೆಯ ತರಗತಿಗೆ) ಎನ್.ಎಂ.ಎಂ.ಎಸ್. ಮುಂದುವರಿಯುವುದಿಲ್ಲ, ಪರಿಶಿಷ್ಟರಿಗೆ ಈ ಮಿತಿ ಶೇಕಡಾ 55. ಹತ್ತರ ನಂತರ ಖಾಸಗಿ ಸಂಸ್ಥೆಗೆ ಸೇರಿದರೂ ಹಣ ನಿಲ್ಲುತ್ತದೆ. ಇದನ್ನು ಮಗುವಿಗೂ ಮನೆಯವರಿಗೂ ಫಲಿತಾಂಶಕ್ಕೆ ಮೊದಲೇ ತಿಳಿಸಿ. ಪ್ಲಸ್ ವನ್‌ಗೆ ಬೇರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ವರ್ಗಾವಣೆ ಪತ್ರದೊಂದಿಗೆ ನೋಂದಣಿ ಸಂಖ್ಯೆ, ಜೋಡಿಸಿದ ಮೊಬೈಲ್ ಸಂಖ್ಯೆ, ಹಿಂದಿನ ಅರ್ಜಿಯ ಪ್ರತಿ ಇರುವ ಲಕೋಟೆಯೊಂದನ್ನು ಕೊಡಿ. ಮೊದಲು ಹೇಳಿದ ಆ ಹುಡುಗಿಗೆ ನಾನು ಅಂಥದ್ದೊಂದು ಲಕೋಟೆ ಕೊಟ್ಟಿದ್ದೆ. ಉಳಿದ ವರ್ಷಗಳ ಹಣ ಅವಳಿಗೆ ಬಂತು.